ಹಿತ್ತಲ ಕೋಳಿ ಮತ್ತು ಕೋಳಿಯ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಓಣಿಗಳಲ್ಲಿ, ಹುಬ್ಬಳ್ಳಿಯ ಹೊಸ ಬಡಾವಣೆಗಳಲ್ಲಿ, ಗದಗ ಮತ್ತು ಹಾವೇರಿ ಕಡೆಯಿಂದ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಎಲ್ಲಕ್ಕಿಂತ ಮೊದಲು ಒಂದು ವಿನಂತಿ: ಗೂಡು ಪೂರ್ತಿ ಮುಗಿದು ಬಾಗಿಲಿಗೆ ಚಿಲಕ ಬೀಳುವವರೆಗೆ ಮರಿ ತರಬೇಡಿ. ಪ್ರೀತಿಯಿಂದ ಸಾಕಿದ ಕೋಳಿಗಳು ಸಾಯುವುದು ಹೆಚ್ಚಾಗಿ ರೋಗಕ್ಕಿಂತ ಮೊದಲು ಅರ್ಧಂಬರ್ಧ ಗೂಡಿನಿಂದ.

### ಶುರು ಮಾಡುವ ಮೊದಲು

ಹುಂಜ ಇಲ್ಲದಿದ್ದರೆ ಹೇಂಟೆ ತತ್ತಿ ಇಡುತ್ತದೆಯೇ?

ಇಡುತ್ತದೆ. ತತ್ತಿಯೊಡೆದು ಮರಿ ಬರಬೇಕಾದರೆ ಮಾತ್ರ ಹುಂಜ ಬೇಕು. ಗೋಡೆಗೆ ಗೋಡೆ ಅಂಟಿದ ಓಣಿಯಲ್ಲಿ ಹುಂಜ ಇಲ್ಲದಿರುವುದೇ ಒಳ್ಳೆಯದು. ಅದು ನಸುಕಿನಲ್ಲಿ ಮಾತ್ರವಲ್ಲ, ಹಗಲಿಡೀ ಕೂಗುತ್ತದೆ. ಹೊಲದ ಮನೆಯಾದರೆ ಖಂಡಿತ ಇರಲಿ. ಗಿಡುಗ ಕಂಡಾಗ ಎಚ್ಚರಿಸುವುದು ಅದೇ, ಹುಳು ಸಿಕ್ಕರೆ ತಾನು ತಿನ್ನದೆ ಹೇಂಟೆಗಳನ್ನು ಕರೆಯುವುದೂ ಅದೇ.

ಮೊದಲ ಸಲ ಎಷ್ಟು ಕೋಳಿ ತರಬೇಕು? ಒಂದು ಸಾಕೇ?

ಒಂದು ಬೇಡವೇ ಬೇಡ. ಕೋಳಿ ಹಿಂಡಿನಲ್ಲಿ ಬದುಕುವ ಜೀವಿ, ಒಂಟಿಯಾದರೆ ಮಂಕಾಗುತ್ತದೆ. ನಾಲ್ಕರಿಂದ ಆರು ಹೇಂಟೆ ತನ್ನಿ. ಸುಧಾರಿತ ತಳಿಯ ಐದು ಹೇಂಟೆಗಳಿದ್ದರೆ ದಿನಕ್ಕೆ ಸರಾಸರಿ ಎರಡು ಮೂರು ತತ್ತಿ ಸಿಗುತ್ತವೆ.

ಇಷ್ಟು ಕಷ್ಟಪಟ್ಟು ಸಾಕುವುದರಲ್ಲಿ ಏನು ಸುಖ? ಕಿರಾಣಿ ಅಂಗಡಿಯಲ್ಲಿ ತತ್ತಿ ಸಿಗುವುದಿಲ್ಲವೇ?

ತತ್ತಿ ಸಿಗುತ್ತದೆ, ಕೋಳಿ ಸಿಗುವುದಿಲ್ಲ. ಚಳಿಗಾಲದ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಹೇಂಟೆಗಳು ಮಣ್ಣು ಕೆದರಿ ಗುಂಡಿ ಮಾಡಿಕೊಂಡು, ಅದರಲ್ಲಿ ಮಗ್ಗುಲಾಗಿ ಮಲಗಿ, ರೆಕ್ಕೆಯೊಳಗೆಲ್ಲ ಧೂಳು ತುಂಬಿಕೊಂಡು ಕಣ್ಣು ಮುಚ್ಚುವುದನ್ನು ಒಮ್ಮೆ ನೋಡಿ. ಅಷ್ಟು ನೆಮ್ಮದಿಯ ದೃಶ್ಯ ಮನೆಯಂಗಳದಲ್ಲಿ ಬೇರೊಂದಿಲ್ಲ. ಪ್ರತಿಯೊಂದಕ್ಕೂ ಅದರದೇ ಸ್ವಭಾವ ಇರುತ್ತದೆ. ಒಂದು ಬಾಗಿಲು ತೆರೆದ ಕೂಡಲೇ ಅಡುಗೆಮನೆಯ ಮೆಟ್ಟಿಲಿಗೆ ಓಡಿ ಬರುತ್ತದೆ, ಇನ್ನೊಂದು ಕೈಗೆ ಸಿಗುವುದೇ ಇಲ್ಲ, ಮತ್ತೊಂದು ಎಲ್ಲರೂ ಇಡುವ ಗೂಡನ್ನು ಬಿಟ್ಟು ದಾಸವಾಳದ ಬುಡದಲ್ಲೇ ತತ್ತಿ ಇಡುತ್ತೇನೆಂದು ಹಟ ಹಿಡಿಯುತ್ತದೆ. ತತ್ತಿ ಇಟ್ಟ ಮೇಲೆ ಓಣಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತದೆ. ಸಂಜೆ ಯಾರೂ ಓಡಿಸಬೇಕಿಲ್ಲ. ಬೆಳಕು ಇಳಿಯುತ್ತಿದ್ದಂತೆ ಒಂದೊಂದಾಗಿ ಒಳಗೆ ಹೋಗಿ, ಕೂರುವ ಅಡ್ಡೆಯ ಮೇಲೆ ತಮ್ಮ ತಮ್ಮ ಜಾಗಕ್ಕಾಗಿ ಸ್ವಲ್ಪ ಹೊತ್ತು ತಳ್ಳಾಡಿ ಸುಮ್ಮನಾಗುತ್ತವೆ. ಮನೆಯಲ್ಲಿ ಮಕ್ಕಳಿದ್ದರೆ ಈ ನೋಟವೆಲ್ಲ ಅವರ ಪಾಲಿಗೆ ಇನ್ನೂ ದೊಡ್ಡದು. ಈಗಷ್ಟೇ ಇಟ್ಟ ತತ್ತಿಯ ಬಿಸಿಯನ್ನು ಅಂಗೈಯಲ್ಲಿ ಹಿಡಿದ ಮಗು ಊಟದ ತಟ್ಟೆಯನ್ನು ಬೇರೆ ಕಣ್ಣಿನಿಂದ ನೋಡುತ್ತದೆ.

ಲಾಭ ಇದೆಯೇ? ನೇರವಾಗಿ ಹೇಳಿ.

ಐದಾರು ಕೋಳಿಯಲ್ಲಿ ಲಾಭ ಹುಡುಕಬೇಡಿ. ತತ್ತಿ ಇಡುವ ಸುಧಾರಿತ ತಳಿಯ ಹೇಂಟೆ ದಿನಕ್ಕೆ 110 ಗ್ರಾಂ ಸುಮಾರು ಆಹಾರ ತಿನ್ನುತ್ತದೆ, ಅಂದರೆ ವರ್ಷಕ್ಕೆ 40 ಕಿಲೋ. ಅದು 180 ತತ್ತಿ ಕೊಟ್ಟರೆ ಒಂದು ತತ್ತಿಗೆ ಹೆಚ್ಚುಕಡಿಮೆ 220 ಗ್ರಾಂ ಆಹಾರ ಬೀಳುತ್ತದೆ. ನಿಮ್ಮೂರಿನ ಆಹಾರದ ದರವನ್ನು ಹಾಕಿ ಗುಣಿಸಿ ನೋಡಿ. ಹಿತ್ತಲಲ್ಲಿ ಹುಳುಹುಪ್ಪಟೆ, ಸೊಪ್ಪು, ಚೆಲ್ಲಿದ ಕಾಳು ಸಿಗುವ ಮನೆಯಲ್ಲಿ ಖರ್ಚು ತಗ್ಗುತ್ತದೆ, ಗೊಬ್ಬರವೂ ಉಳಿಯುತ್ತದೆ. ಗೂಡಿನ ವೆಚ್ಚವನ್ನು ಮಾತ್ರ ಮನೆಗೆ ಒಂದು ಕಟ್ಟೆ ಕಟ್ಟಿಸಿದ ಲೆಕ್ಕದಲ್ಲಿ ಬರೆದುಕೊಳ್ಳುವುದು ಸರಿ.

ನಾಟಿ ತರಲೋ, ಗಿರಿರಾಜ ತರಲೋ?

ನಿಮಗೆ ಬೇಕಾದದ್ದು ತತ್ತಿಯೋ ಮರಿಯೋ ಎಂಬುದರ ಮೇಲೆ ನಿರ್ಧರಿಸಿ. ನಾಟಿ ಹೇಂಟೆ ವರ್ಷಕ್ಕೆ 50ರಿಂದ 70 ತತ್ತಿ ಇಡುತ್ತದೆ, ಆದರೆ ತಾನೇ ಕಾವು ಕೂತು ಮರಿ ಮಾಡಿ ಬೆಳೆಸುತ್ತದೆ. ಹಗುರ ಮೈ, ಚುರುಕು ಕಣ್ಣು; ನಾಯಿ ಬಂದರೆ ಹಾರಿ ಗೋಡೆ ಹತ್ತುತ್ತದೆ. ಗಿರಿರಾಜ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ರೂಪುಗೊಂಡ ತಳಿ. ಬೇಗ ಬೆಳೆಯುತ್ತದೆ, ಮೈ ಭಾರ, ಹಾರಲಾರದು, ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಅಲ್ಲಿಂದಲೇ ಆಮೇಲೆ ಬಂದ ಸ್ವರ್ಣಧಾರ ಗಿರಿರಾಜಕ್ಕಿಂತ ಹಗುರ, ವರ್ಷಕ್ಕೆ 180ರ ಆಸುಪಾಸು ತತ್ತಿ ಕೊಡುತ್ತದೆ. ಹೈದರಾಬಾದಿನ ವನರಾಜ ಮತ್ತು ಗ್ರಾಮಪ್ರಿಯ ತಳಿಗಳೂ ನಮ್ಮ ಕಡೆ ಸಿಗುತ್ತವೆ. ನಾನು ಹೇಳುವುದು ಇಷ್ಟು: ಮೂರು ಸ್ವರ್ಣಧಾರ, ಎರಡು ನಾಟಿ ಇಟ್ಟುಕೊಳ್ಳಿ. ತತ್ತಿಯೂ ಆಯಿತು, ಕಾವು ಕೂರುವ ತಾಯಿಯೂ ಆಯಿತು.

ಸುಧಾರಿತ ತಳಿಯ ತತ್ತಿಯಿಂದ ನೀವೇ ಮರಿ ಮಾಡಿಸಿದರೆ ಆ ಮರಿಗಳು ತಾಯಿಯಷ್ಟು ತತ್ತಿ ಇಡುವುದಿಲ್ಲ. ಪ್ರತಿ ಸಲವೂ ಮೂಲ ಕೇಂದ್ರದ ಮರಿಗಳನ್ನೇ ತರಬೇಕು. ಧಾರವಾಡದ ಸೈದಾಪುರ, ಗದಗದ ಹುಲಕೋಟಿ, ಹಾವೇರಿ ಜಿಲ್ಲೆಯ ಹನುಮನಮಟ್ಟಿ, ಈ ಮೂರು ಕಡೆ ಇರುವ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮರಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ.

ನಮ್ಮ ಓಣಿಯಲ್ಲಿ ಹೆಚ್ಚಿನವರು ಸಸ್ಯಾಹಾರಿಗಳು. ಜಗಳ ಆಗುವುದಿಲ್ಲವೇ?

ಮರಿ ತರುವ ಮೊದಲೇ ನೆರೆಮನೆಗಳಿಗೆ ಹೋಗಿ ತಿಳಿಸಿ. ಜನರಿಗೆ ತೊಂದರೆಯಾಗುವುದು ಮೂರು ವಿಷಯಗಳಿಂದ: ವಾಸನೆ, ಹುಂಜದ ಕೂಗು, ತಮ್ಮ ಅಂಗಳದಲ್ಲಿ ಬೀಳುವ ಹಿಕ್ಕೆ. ಮೂರನ್ನೂ ತಡೆಯುವುದು ನಿಮ್ಮ ಕೈಯಲ್ಲಿದೆ. ಕೊಯ್ಯುವ ಕೆಲಸವನ್ನು ಓಣಿಯ ಕಣ್ಣೆದುರು ಎಂದಿಗೂ ಮಾಡಬೇಡಿ. ಅವರ ಮನಸ್ಸಿಗೆ ಅದು ನಿಜವಾಗಿಯೂ ನೋವು, ಅದನ್ನು ಗೌರವಿಸಬೇಕು. ತತ್ತಿ ಮುಟ್ಟದ ಮನೆಯವರೂ ತಮ್ಮ ಕರಿಬೇವಿನ ಗಿಡಕ್ಕೆ ಕೋಳಿಗೊಬ್ಬರ ಕೇಳಿ ಒಯ್ಯುವುದನ್ನು ನಾನು ಕಂಡಿದ್ದೇನೆ. ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿದ್ದರೆ ವಲಯ ಕಚೇರಿಯಲ್ಲಿ ನಿಯಮ ಕೇಳಿಕೊಳ್ಳಿ.

### ಗೂಡು ಕಟ್ಟುವುದು

ಗೂಡನ್ನು ಯಾವ ಮೂಲೆಯಲ್ಲಿ, ಯಾವ ದಿಕ್ಕಿಗೆ ಕಟ್ಟಬೇಕು?

ಉದ್ದ ಪೂರ್ವ ಪಶ್ಚಿಮವಾಗಿರಲಿ. ಹಾಗಿದ್ದರೆ ಬೆಳಗಿನ ಮತ್ತು ಇಳಿಹೊತ್ತಿನ ಬಿಸಿಲು ಗಿಡ್ಡ ಗೋಡೆಗಳಿಗೆ ಮಾತ್ರ ಬಡಿಯುತ್ತದೆ, ಒಳಗೆ ಧಗೆ ತುಂಬುವುದಿಲ್ಲ. ನಮ್ಮಲ್ಲಿ ಮುಂಗಾರು ಪಶ್ಚಿಮ ಮತ್ತು ನೈಋತ್ಯದಿಂದ ಇರಚಲು ಹೊಡೆಯುತ್ತದೆ. ಆರಿದ್ರಾ ಮಳೆ ಧಾರವಾಡದಲ್ಲಿ ಹಿಡಿದುಕೊಂಡಿತೆಂದರೆ ದಿನಗಟ್ಟಲೆ ಬಿಡುವುದಿಲ್ಲ. ಆದ್ದರಿಂದ ಪಶ್ಚಿಮದ ಗೋಡೆಯನ್ನು ಇಟ್ಟಿಗೆಯಿಂದಲೋ ಹಲಗೆಯಿಂದಲೋ ಪೂರ್ತಿ ಮುಚ್ಚಿ. ಉತ್ತರ ಮತ್ತು ದಕ್ಷಿಣದ ಉದ್ದ ಬದಿಗಳಲ್ಲಿ ಕೆಳಗೆ ಒಂದೂವರೆ ಅಡಿ ಗೋಡೆ, ಅದರ ಮೇಲೆ ಮಾಡಿನವರೆಗೂ ಜಾಲರಿ ಇರಲಿ. ದಕ್ಷಿಣದ ಕಡೆ ಮಾಡು ಎರಡಡಿ ಹೊರಚಾಚಬೇಕು. ಬಾಗಿಲು ಪೂರ್ವಕ್ಕೆ.

ಹೊಸಬರು ಕೋಳಿಗೆ ಚಳಿಯಾಗುತ್ತದೆಂದು ನಾಲ್ಕೂ ಕಡೆ ಗೋಣಿಚೀಲ ಕಟ್ಟಿ ಗಾಳಿಯನ್ನೇ ನಿಲ್ಲಿಸುತ್ತಾರೆ. ಇದು ನನಗೆ ಅತ್ಯಂತ ಬೇಸರ ತರಿಸುವ ಪದ್ಧತಿ. ಬೆಳೆದ ಕೋಳಿ ಧಾರವಾಡದ ಚಳಿಯನ್ನು ಗರಿ ಉಬ್ಬಿಸಿ ಕಳೆಯುತ್ತದೆ. ಒಳಗೆ ನಿಂತ ತೇವ ಮತ್ತು ಹಿಕ್ಕೆಯಿಂದೇಳುವ ಅಮೋನಿಯಾವನ್ನು ಮಾತ್ರ ತಡೆದುಕೊಳ್ಳಲಾರದು, ಅದರ ಶ್ವಾಸಕೋಶವೇ ಕೆಡುತ್ತದೆ. ಗಾಳಿ ಅಡ್ಡೆಯ ಮೇಲೆ ಕೂತ ಕೋಳಿಯ ಮೈಗೆ ನೇರ ಬಡಿಯದೆ, ತಲೆಯ ಮೇಲಿನಿಂದ ಹಾದು ಹೋಗಬೇಕು. ಬೆಳಿಗ್ಗೆ ಬಾಗಿಲು ತೆರೆದು ನೀವೇ ಬಗ್ಗಿ ಒಳಗೆ ಉಸಿರೆಳೆದು ನೋಡಿ; ಮೂಗಿಗೆ ಘಾಟು ಬಂದರೆ ಗಾಳಿ ಸಾಲದು ಎಂದೇ ಅರ್ಥ.

ನಮ್ಮದು ಎರೆ ಮಣ್ಣು. ಗೋಡೆ ಬಿರುಕು ಬಿಡುವುದಿಲ್ಲವೇ?

ಬಿಡುತ್ತದೆ. ನವಲಗುಂದ, ಅಣ್ಣಿಗೇರಿ, ರೋಣದ ಕಡೆಯವರು ಇದನ್ನೇ ಮೊದಲು ಕೇಳುತ್ತಾರೆ, ಕೇಳಬೇಕಾದದ್ದೂ ಹೌದು. ಎರೆ ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಸೀಳುತ್ತದೆ; ಅದರ ಮೇಲೆ ನೇರವಾಗಿ ಇಟ್ಟಿಗೆ ಗೋಡೆ ಎತ್ತಬೇಡಿ. ಗೂಡಿನ ಜಾಗದಲ್ಲಿ ಒಂದೂವರೆ ಎರಡಡಿ ಮಣ್ಣು ತೆಗೆದು ಗರಸು ತುಂಬಿ, ನೀರು ಹಾಕಿ ದಮ್ಮಸು ಮಾಡಿ. ಅದರ ಮೇಲೆ ಸುತ್ತಲ ನೆಲಕ್ಕಿಂತ ಒಂದಡಿ ಎತ್ತರಕ್ಕೆ ನೆಲಗಟ್ಟು ಏರಿಸಿ ಫರಸಿ ಹಾಸಿದರೆ ಹೆಗ್ಗಣ ಕೊರೆದು ಬರುವುದೂ ತಪ್ಪುತ್ತದೆ. ಇನ್ನೂ ಸುಲಭದ ದಾರಿ ಎಂದರೆ ನಾಲ್ಕು ಕಲ್ಲುಕಂಬಗಳ ಮೇಲೆ ಎರಡಡಿ ಎತ್ತರದಲ್ಲಿ ನಿಲ್ಲುವ ಕಟ್ಟಿಗೆಯ ಗೂಡು. ನೆಲ ಸ್ವಲ್ಪ ಅಲುಗಿದರೂ ಚೌಕಟ್ಟು ಒಡೆಯುವುದಿಲ್ಲ, ಕೆಳಗಿನ ನೆರಳಿನಲ್ಲಿ ಕೋಳಿಗಳು ಮಧ್ಯಾಹ್ನ ಕಳೆಯುತ್ತವೆ. ಚೌಕಟ್ಟಿಗೆ ಜಾಲಿ ಕಟ್ಟಿಗೆ ಗಟ್ಟಿ. ಧಾರವಾಡದ ಪಶ್ಚಿಮ ಭಾಗದ ಕೆಂಪು ನೆಲದವರಿಗೆ ಈ ಚಿಂತೆಯಿಲ್ಲ.

ಐದು ಕೋಳಿಗೆ ಅಳತೆ ಹೇಳಿ.

ನಾಲ್ಕು ಅಡಿ ಅಗಲ, ಆರು ಅಡಿ ಉದ್ದ. ಎತ್ತರ ಆರು ಅಡಿಯಿದ್ದರೆ ನೀವು ಒಳಗೆ ನಿಂತು ಗುಡಿಸಬಹುದು. ಬಗ್ಗಿ ತೂರಬೇಕಾದ ಗೂಡನ್ನು ಯಾರೂ ದಿನಾ ಗುಡಿಸುವುದಿಲ್ಲ. ಕೂರುವ ಅಡ್ಡೆ ಎರಡಂಗುಲ ಅಗಲದ, ಅಂಚು ಉಜ್ಜಿದ ಕಟ್ಟಿಗೆಯಾಗಿರಲಿ, ಕೋಳಿಯೊಂದಕ್ಕೆ ಎಂಟರಿಂದ ಹತ್ತು ಅಂಗುಲ ಜಾಗ ಬಿಡಿ. ತತ್ತಿ ಇಡುವ ಪೆಟ್ಟಿಗೆ ಎಲ್ಲ ಬದಿಗೂ ಒಂದಡಿ. ನಾಲ್ಕೈದು ಹೇಂಟೆಗಳಿಗೆ ಒಂದು ಸಾಕು, ಎರಡಿದ್ದರೆ ಜಗಳ ಕಡಿಮೆ. ಪೆಟ್ಟಿಗೆ ಅಡ್ಡೆಗಿಂತ ಕೆಳಗೆ, ಮಬ್ಬು ಮೂಲೆಯಲ್ಲಿ ಇರಬೇಕು. ಮೇಲಿದ್ದರೆ ರಾತ್ರಿ ಅದರಲ್ಲೇ ಮಲಗಿ ಹೊಲಸು ಮಾಡುತ್ತವೆ. ಹೊರಗೆ ಬಿಡಲಾಗದ ಮನೆಗಳಲ್ಲಿ ಕೋಳಿಗೆ ಹತ್ತು ಚದರ ಅಡಿಯಂತೆ ಜಾಲರಿ ಸುತ್ತಿದ ಅಂಗಳವನ್ನೂ ಸೇರಿಸಿ.

ಮಾಡಿಗೆ ಪತ್ರಾಸ್ ಸಾಕೇ, ಹೆಂಚೇ ಬೇಕೇ?

ಮಂಗಳೂರು ಹೆಂಚು ತಂಪು. ಮಂಗಗಳ ಕಾಟವಿಲ್ಲದ ಕಡೆ ಅದೇ ಉತ್ತಮ. ಮಂಗ ಓಡಾಡುವ ಓಣಿಯಲ್ಲಿ ಪತ್ರಾಸ್ ಹಾಕಿ, ಬೇಸಿಗೆಗೆ ಮುಂಚೆ ಮೇಲೆ ಸುಣ್ಣ ಬಳಿದು, ಜೋಳದ ಕಣಿಕೆ ಅಥವಾ ತೆಂಗಿನ ಗರಿ ಹೊದಿಸಿ. ಗದಗದ ಏಪ್ರಿಲಿನಲ್ಲಿ ಬರಿಯ ಪತ್ರಾಸಿನ ಕೆಳಗೆ ಕೋಳಿ ಕೂಡಿ ಹಾಕುವುದು ಹಿಂಸೆ.

ಅಂಗಡಿಯಲ್ಲಿ ಕೋಳಿ ಜಾಲರಿ ಎಂದೇ ಮಾರುತ್ತಾರೆ. ಅದು ಸಾಲದೇ?

ಆ ಆರು ಮೂಲೆಯ ತೆಳು ಜಾಲರಿ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಬೀದಿನಾಯಿ ಹಲ್ಲಿನಿಂದಲೇ ಅದನ್ನು ಹರಿಯುತ್ತದೆ. ಅರ್ಧ ಅಂಗುಲ ಕಣ್ಣಿನ ಬೆಸುಗೆ ಜಾಲರಿ ತನ್ನಿ. ಮುಂಗುಸಿ, ಹೆಗ್ಗಣ, ಹಾವು ಮೂರಕ್ಕೂ ಅದೇ ತಡೆ. ಕಂಬಗಳ ಮೇಲಿನ ಗೂಡಾದರೆ ತಳಕ್ಕೂ ಸಂದಿಲ್ಲದ ಹಲಗೆ ಬೇಕು. ಅಂಗಳದ ಸುತ್ತ ಜಾಲರಿಯನ್ನು ನೆಲಮಟ್ಟದಲ್ಲಿ ಹೊರಗಡೆಗೆ ಒಂದಡಿ ಮಡಚಿ ಮಣ್ಣು ಮುಚ್ಚಿದರೆ, ಬುಡದಲ್ಲಿ ಕೆರೆಯಲು ಬಂದ ಪ್ರಾಣಿಗೆ ಪಂಜದಡಿ ತಂತಿಯೇ ಸಿಗುತ್ತದೆ. ಕಪ್ಪತಗುಡ್ಡದ ಸೆರಗಿನ ಹಳ್ಳಿಗಳಲ್ಲಿ ನರಿ, ಕಾಡುಬೆಕ್ಕು ಬರುತ್ತವೆ. ಅಲ್ಲಿ ಅಂಗಳದ ಮೇಲ್ಭಾಗವನ್ನೂ ಮುಚ್ಚಬೇಕು. ಹಾವು ಬರುವುದು ಹೆಚ್ಚಾಗಿ ಇಲಿಯ ಹಿಂದೆ, ಇಲಿ ಬರುವುದು ಚೆಲ್ಲಿದ ಕಾಳಿನ ಹಿಂದೆ. ಸಂಜೆಗೆ ತತ್ತಿ ಎತ್ತಿ, ಆಹಾರವನ್ನು ಮುಚ್ಚಳದ ಡಬ್ಬಿಗೆ ಹಾಕಿದರೆ ಹಾವನ್ನು ಕೊಲ್ಲುವ ಪ್ರಮೇಯವೇ ಬರುವುದಿಲ್ಲ.

ವಾಸನೆ ಬರದಂತೆ ಹೇಗೆ ಇಡುವುದು?

ಒಣಗಿದ ಹಿಕ್ಕೆ ನಾರುವುದಿಲ್ಲ, ನೆನೆದದ್ದು ನಾರುತ್ತದೆ. ನೆಲದ ಮೇಲೆ ನಾಲ್ಕಂಗುಲ ದಪ್ಪ ಭತ್ತದ ಹೊಟ್ಟು ಅಥವಾ ಚೆನ್ನಾಗಿ ಒಣಗಿದ ಶೇಂಗಾ ಸಿಪ್ಪೆ ಹರಡಿ. ವಾರಕ್ಕೆರಡು ಸಲ ಕೆದರಿ, ತೇವವಾದ ಜಾಗದ ಹಾಸನ್ನು ತೆಗೆದು ಹೊಸದು ಹಾಕಿ. ತೇವ ಹೆಚ್ಚಾಗಿ ನೀರಿನ ಪಾತ್ರೆಯ ಸುತ್ತಲೇ ಇರುತ್ತದೆ, ಆದ್ದರಿಂದ ಪಾತ್ರೆಯನ್ನು ಕೋಳಿಯ ಬೆನ್ನಿನ ಎತ್ತರಕ್ಕೆ ಇಡಿ. ತೆಗೆದ ಹಾಸನ್ನು ಒಣ ಎಲೆಯ ಜತೆ ಗುಂಡಿಯಲ್ಲಿ ಎರಡು ಮೂರು ತಿಂಗಳು ಕೊಳೆಯಲು ಬಿಟ್ಟು ಗಿಡಗಳಿಗೆ ಹಾಕಿ. ಹಸಿ ಕೋಳಿಗೊಬ್ಬರ ಬೇರನ್ನು ಸುಡುತ್ತದೆ.

### ದಿನನಿತ್ಯದ ಆರೈಕೆ

ಮನೆಯ ಕಾಳೇ ಸಾಕು, ಅಂಗಡಿ ಆಹಾರ ಬೇಡ ಎನ್ನುತ್ತಾರೆ ಅತ್ತೆ. ಹೌದೇ?

ನಾಟಿ ಕೋಳಿಯ ಮಟ್ಟಿಗೆ ಅತ್ತೆಯ ಮಾತು ಬಹಳಷ್ಟು ಸರಿ. ಹಗಲಿಡೀ ಮೇಯುವ ನಾಟಿಗೆ ಸಂಜೆ ಒಂದು ಹಿಡಿ ಜೋಳ, ಮುರಿದ ಕಟಕ ರೊಟ್ಟಿ ಸಾಕು. ದಿನ ಬಿಟ್ಟು ದಿನ ತತ್ತಿ ಇಡುವ ತಳಿಗೆ ಮಾತ್ರ ಬರಿಯ ಕಾಳಿನಿಂದ ನಡೆಯುವುದಿಲ್ಲ. ಅದಕ್ಕೆ 16ರಿಂದ 18 ಶೇಕಡಾ ಪ್ರೋಟೀನು, ಚಿಪ್ಪಿಗೆ ಸುಣ್ಣದ ಅಂಶ ಬೇಕು. ಮನೆಯಲ್ಲೇ ಬೆರೆಸುವುದಾದರೆ ಹತ್ತು ಕಿಲೋಗೆ ಐದೂವರೆ ಕಿಲೋ ನುಚ್ಚು ಮಾಡಿದ ಗೋವಿನಜೋಳ, ಎರಡೂವರೆ ಕಿಲೋ ಸೋಯಾ ಹಿಂಡಿ, ಒಂದು ಕಿಲೋ ಅಕ್ಕಿ ತೌಡು, ಉಳಿದ ಒಂದು ಕಿಲೋದಲ್ಲಿ ಕಪ್ಪೆಚಿಪ್ಪಿನ ಪುಡಿ ಮತ್ತು ಕೋಳಿಯ ಖನಿಜ ಮಿಶ್ರಣ. ಹಾವೇರಿಯವರಿಗೆ ಗೋವಿನಜೋಳ ಮನೆಬಾಗಿಲಲ್ಲೇ ಇದೆ. ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲೂ ಇಡಿ, ಬೇಕಾದ ಹೇಂಟೆ ಬೇಕಾದಷ್ಟು ತಿನ್ನುತ್ತದೆ.

ಎರಡು ಎಚ್ಚರಿಕೆ. ಬೂಸ್ಟು ಹಿಡಿದ ಗೋವಿನಜೋಳವನ್ನಾಗಲಿ, ಶೇಂಗಾ ಹಿಂಡಿಯನ್ನಾಗಲಿ ಹೇಗಿದ್ದರೂ ಕೋಳಿಗೆ ನಡೆಯುತ್ತದೆಂದು ಹಾಕಬೇಡಿ. ಅದರಲ್ಲಿ ಬೆಳೆಯುವ ಅಫ್ಲಾಟಾಕ್ಸಿನ್ ಯಕೃತ್ತನ್ನು ತಿನ್ನುತ್ತದೆ. ದನಕ್ಕೆ ತಂದ ಹತ್ತಿಕಾಳಿನ ಹಿಂಡಿಯನ್ನೂ ಹಾಕಬೇಡಿ. ಅದರಲ್ಲಿರುವ ಗಾಸಿಪಾಲ್ ಎಂಬ ವಸ್ತುವಿನಿಂದ ಇಟ್ಟ ತತ್ತಿಯ ಹಳದಿ ಭಾಗ ಹಸಿರುಗಪ್ಪಾಗುತ್ತದೆ.

ಬ್ಯಾಡಗಿ ಮೆಣಸಿನಕಾಯಿ ತಿನ್ನಿಸಿದರೆ ತತ್ತಿಯ ಹಳದಿ ಕೆಂಪಾಗುತ್ತದಂತೆ, ನಿಜವೇ?

ನಿಜ. ಆ ಭಾಗದ ಬಣ್ಣ ಬರುವುದು ಕೋಳಿ ತಿಂದ ಸಸ್ಯದ ಬಣ್ಣದಿಂದ. ಬಿಳಿಜೋಳವನ್ನೇ ತಿಂದರೆ ಪೇಲವ, ಗೋವಿನಜೋಳ ಮತ್ತು ಹಸಿರು ಸೊಪ್ಪು ತಿಂದರೆ ಹಳದಿ, ಕೆಂಪು ಮೆಣಸಿನಕಾಯಿಯ ಬಣ್ಣ ಸೇರಿದರೆ ಕಿತ್ತಳೆ. ಖಾರ ತಾಗುವುದಿಲ್ಲವೇ ಎಂದು ಮರುಗಬೇಡಿ. ನಮ್ಮ ನಾಲಿಗೆಯನ್ನು ಸುಡುವ ಕ್ಯಾಪ್ಸೈಸಿನ್ ಹಕ್ಕಿಗಳಿಗೆ ಉರಿಯಾಗಿ ತಿಳಿಯುವುದೇ ಇಲ್ಲ. ಬ್ಯಾಡಗಿ ಬಣ್ಣಕ್ಕೇ ಹೆಸರಾದದ್ದು, ಹಾಗಾಗಿ ಒಂದು ಚಿಟಿಕೆ ಪುಡಿಯೇ ಬಹಳ. ಬಣ್ಣ ಗಾಢವಾದ ಮಾತ್ರಕ್ಕೆ ತತ್ತಿಯ ಸತ್ವ ಹೆಚ್ಚುವುದಿಲ್ಲ, ನೋಡಲು ಚೆಂದ ಅಷ್ಟೇ.

ತತ್ತಿಯನ್ನು ತೊಳೆದು ಇಡಬೇಕೇ?

ಬೇಡ. ಚಿಪ್ಪಿನ ಮೇಲೆ ಸೂಕ್ಷ್ಮ ರಂಧ್ರಗಳನ್ನು ಮುಚ್ಚುವ ತೆಳು ಪೊರೆಯಿದೆ, ತೊಳೆದರೆ ಅದು ಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿ ಇಡಿ, ಬೇಯಿಸುವ ಮುಂಚೆ ತೊಳೆಯಿರಿ.

### ಒಂದೆರಡು ವರ್ಷ ಸಾಕಿದವರಿಗೆ

ಏಪ್ರಿಲ್ ಬಂತೆಂದರೆ ಚಿಪ್ಪು ತೆಳುವಾಗುತ್ತದೆ. ಚಿಪ್ಪಿನ ಪುಡಿ ಕೊಟ್ಟರೂ ಯಾಕೆ ಹೀಗೆ?

ಕೋಳಿಗೆ ಬೆವರುವುದು ಗೊತ್ತಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳುತ್ತದೆ. ಹಾಗೆ ವೇಗವಾಗಿ ಉಸಿರಾಡುವಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ತಗ್ಗುತ್ತದೆ, ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಸಾಲದಾಗುತ್ತದೆ. ಜತೆಗೆ ಸೆಕೆಗೆ ತಿನ್ನುವುದೂ ಕಡಿಮೆ. ಆದ್ದರಿಂದ ಪುಡಿ ಹೆಚ್ಚಿಸಿ ಪ್ರಯೋಜನವಿಲ್ಲ, ಏದುಸಿರು ಬಿಡುವುದನ್ನು ಕಡಿಮೆ ಮಾಡಬೇಕು. ಆಹಾರವನ್ನು ನಸುಕಿನಲ್ಲಿ ಮತ್ತು ಸಂಜೆ ಕೊಡಿ, ನಡುಮಧ್ಯಾಹ್ನ ಬೇಡ. ನೀರನ್ನು ನೆರಳಲ್ಲಿ ಮಣ್ಣಿನ ಪಾತ್ರೆಯಲ್ಲಿಟ್ಟು ಎರಡು ಮೂರು ಸಲ ಬದಲಿಸಿ. ಪಶ್ಚಿಮದ ಕಡೆ ನೆನೆಸಿದ ಗೋಣಿ ಇಳಿಬಿಟ್ಟು, ಉಳಿದ ಕಡೆ ಗಾಳಿ ಆಡಲು ಬಿಡಿ. ಬೇವಿನ ಮರದ ನೆರಳಿದ್ದರೆ ಅದಕ್ಕೆ ಸಮನಾದದ್ದು ಇಲ್ಲ.

ನಾಲ್ಕು ಕೋಳಿಗೂ ಲಸಿಕೆ ಬೇಕೇ?

ಬೇಕು. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಒಮ್ಮೆ ಓಣಿಗೆ ಬಂದರೆ ಲಸಿಕೆಯಿಲ್ಲದ ಹಿಂಡನ್ನೇ ಒರೆಸಿಹಾಕುತ್ತದೆ, ಅದಕ್ಕೆ ಔಷಧವಿಲ್ಲ. ಮರಿಗೆ ಐದರಿಂದ ಏಳನೆಯ ದಿನದೊಳಗೆ ಈ ರೋಗದ ಲಸೋಟ ಅಥವಾ ಎಫ್ ತಳಿಯ ಲಸಿಕೆ ಕಣ್ಣಿಗೋ ಮೂಗಿಗೋ ಒಂದು ಹನಿ, ಎರಡನೆಯ ವಾರ ಗಂಬೊರೊ ಎಂಬ ಇನ್ನೊಂದು ರೋಗದ ಲಸಿಕೆ, ನಾಲ್ಕನೆಯ ವಾರ ಲಸೋಟ ಮತ್ತೊಮ್ಮೆ, ಎಂಟನೆಯ ವಾರದ ಸುಮಾರಿಗೆ ರಾಣಿಖೇತಿನದೇ ಆರ್‌2ಬಿ ಚುಚ್ಚುಮದ್ದು. ಕೋಳಿ ಸಿಡುಬಿನ ಲಸಿಕೆಯನ್ನು ಯಾವಾಗ ಎಂದು ಪಶುವೈದ್ಯರನ್ನು ಕೇಳಿ. ಲಸಿಕೆಯ ಸೀಸೆ ದೊಡ್ಡದು, ಕರಗಿಸಿದ ಎರಡು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಊರಿನ ಹತ್ತು ಮನೆಯವರು ಸೇರಿ ಒಂದೇ ದಿನ ಹಾಕಿಸಿ. ನೀರಿನಲ್ಲಿ ಕೊಡುವ ಲಸಿಕೆಗೆ ಕ್ಲೋರಿನ್ ಇರುವ ನಲ್ಲಿ ನೀರು ಬಳಸಬೇಡಿ. ಬಂಕಾಪುರದ ಸುತ್ತಲಿನವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ರಾಣಿಖೇತ್ ಅಲ್ಲಿನ ನವಿಲುಧಾಮದ ನವಿಲುಗಳಿಗೂ ತಗಲಬಲ್ಲದು.

ಒಮ್ಮೆಗೇ ಹಲವು ಕೋಳಿ ಸತ್ತರೆ ಬರಿಗೈಯಿಂದ ಮುಟ್ಟದೆ, ಬೇರೆಡೆ ಎಸೆಯದೆ, ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ತಿಳಿಸಿ.

ಒಂದು ಹೇಂಟೆ ಪೆಟ್ಟಿಗೆ ಬಿಟ್ಟು ಏಳುವುದೇ ಇಲ್ಲ, ಕೈ ಚಾಚಿದರೆ ಕುಕ್ಕುತ್ತದೆ. ಕಾಯಿಲೆಯೇ?

ಕಾವಿಗೆ ಕೂತಿದೆ. ಮರಿ ಬೇಕಿದ್ದರೆ ವಾರದೊಳಗಿನ ಫಲಿತ ತತ್ತಿ ಹತ್ತು ಹನ್ನೆರಡು ಇಟ್ಟು, ಬೇರೆ ಹೇಂಟೆ ಬಂದು ಕಾಡದ ಮೂಲೆಗೆ ರಾತ್ರಿ ಹೊತ್ತು ಸಾಗಿಸಿ. ಏಳನೆಯ ದಿನ ಕತ್ತಲಲ್ಲಿ ಮೊಬೈಲ್ ಬೆಳಕಿನ ಮೇಲೆ ತತ್ತಿ ಹಿಡಿದು ನೋಡಿ. ಒಳಗೆ ರಕ್ತನಾಳಗಳ ಬಲೆ ಕಂಡರೆ ಜೀವ ಇದೆ, ಬರಿದಾಗಿ ಹೊಳೆದರೆ ತೆಗೆಯಿರಿ. 18ನೆಯ ದಿನದ ನಂತರ ಮುಟ್ಟಬೇಡಿ. 21ನೆಯ ದಿನದ ಹತ್ತಿರ ಚಿಪ್ಪಿನೊಳಗಿಂದಲೇ ಮರಿ ಚಿಂವ್ ಎನ್ನುವುದು, ತಾಯಿ ಮೆಲ್ಲನೆ ಗುಟುರು ಹಾಕಿ ಉತ್ತರಿಸುವುದು ಕೇಳುತ್ತದೆ. ಅದನ್ನು ಕೇಳಲೆಂದೇ ಒಂದು ನಾಟಿ ಹೇಂಟೆ ಸಾಕಬಹುದು. ಮರಿ ಬೇಡವಾದರೆ ತಳದಲ್ಲಿ ಜಾಲರಿಯಿರುವ ಪಂಜರದಲ್ಲಿ ನೀರು, ಆಹಾರ ಕೊಟ್ಟು ಮೂರು ನಾಲ್ಕು ದಿನ ಇಡಿ. ಹೊಟ್ಟೆಗೆ ಗಾಳಿ ತಾಗಿ ಕಾವು ಇಳಿಯುತ್ತದೆ.

ಹೊಸ ಕೋಳಿ ತಂದರೆ ಹಳೆಯವು ರಕ್ತ ಬರುವಂತೆ ಕುಕ್ಕುತ್ತವೆ. ಏನು ಮಾಡಲಿ?

ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಸಾಲು ಇರುತ್ತದೆ. ಬಾಲ್ಯದಿಂದಲೇ ಕೋಳಿಗಳನ್ನು ನೋಡುತ್ತ ಬೆಳೆದ ನಾರ್ವೆಯ ಥಾರ್ಲೀಫ್ ಶೆಲ್ಡೆರುಪ್ ಎಬ್ಬೆ 1921ರಲ್ಲಿ ಇದನ್ನು ಮೊದಲು ವಿವರಿಸಿದ. ಹೊಸಬರು ಬಂದರೆ ಆ ಸಾಲು ಮತ್ತೆ ಕಟ್ಟಬೇಕಾಗುತ್ತದೆ. ಸಂತೆಯಿಂದ ತಂದದ್ದನ್ನು ಮೊದಲು ಮೂರು ವಾರ ದೂರವೇ ಇಡಿ, ರೋಗವಿದ್ದರೆ ಅಷ್ಟರಲ್ಲಿ ತಿಳಿಯುತ್ತದೆ. ಆಮೇಲೆ ಒಂದು ವಾರ ಜಾಲರಿಯ ಈಚೆ ಆಚೆ, ಪರಸ್ಪರ ಕಾಣುವಂತೆ. ಒಂಟಿಯಾಗಿ ಸೇರಿಸಬೇಡಿ, ಜೋಡಿಯಾಗಿ ಸೇರಿಸಿ. ಆಹಾರ, ನೀರಿನ ಪಾತ್ರೆ ಎರಡೆರಡು ಕಡೆ ಇರಲಿ. ರಕ್ತ ಕಂಡ ಕೋಳಿಯನ್ನು ಕೂಡಲೇ ಬೇರ್ಪಡಿಸಿ, ಗಾಯ ಒಣಗುವವರೆಗೆ ಹಿಂದಕ್ಕೆ ಬಿಡಬೇಡಿ.

ತತ್ತಿ ನಿಲ್ಲಿಸಿದ ಹೇಂಟೆಯನ್ನು ಏನು ಮಾಡಬೇಕು?

ಮೊದಲು ನಿಜವಾಗಿ ನಿಲ್ಲಿಸಿದೆಯೇ ನೋಡಿ. ವರ್ಷಕ್ಕೊಮ್ಮೆ ಗರಿ ಉದುರಿಸುವಾಗ ಎರಡು ಮೂರು ತಿಂಗಳು ಬಿಡುವು ತೆಗೆದುಕೊಳ್ಳುತ್ತದೆ, ಹಗಲು ಚಿಕ್ಕದಾಗುವ ಚಳಿಗಾಲದಲ್ಲೂ ಕಡಿಮೆ ಇಡುತ್ತದೆ. ಎರಡನೆಯ ವರ್ಷದ ನಂತರ ಸಂಖ್ಯೆ ಇಳಿಯುತ್ತ ಹೋಗುತ್ತದೆ, ಆದರೆ ಚೆನ್ನಾಗಿ ನೋಡಿಕೊಂಡ ಕೋಳಿ ಐದಾರು ವರ್ಷ ಬದುಕುತ್ತದೆ. ಕೆಲವರು ಮಾರುತ್ತಾರೆ, ಕೆಲವರು ಅಡುಗೆ ಮಾಡುತ್ತಾರೆ, ಕೆಲವರು ಕೊನೆಯವರೆಗೆ ಸಾಕುತ್ತಾರೆ. ಯಾವುದೆಂಬುದನ್ನು ಮರಿ ತರುವ ದಿನವೇ ಮನೆಯವರೆಲ್ಲ ಕೂತು ನಿರ್ಧರಿಸಿ, ಮಕ್ಕಳಿಗೂ ಆಗಲೇ ಹೇಳಿ. ಹಳೆಯ ನಾಟಿ ಹೇಂಟೆಯನ್ನಾದರೆ ನಾನು ಇಟ್ಟುಕೊಳ್ಳುತ್ತೇನೆ: ತತ್ತಿ ಕಡಿಮೆಯಾದರೂ ಕಾವು ಕೂರುವುದರಲ್ಲಿ ಅದು ಪಳಗಿರುತ್ತದೆ, ಬೇರೆ ನಾಟಿ ಹೇಂಟೆಯ ತತ್ತಿಯನ್ನೂ ತನ್ನದೆಂದೇ ಮರಿ ಮಾಡಿ ಕೊಡುತ್ತದೆ.